ಮೂರನೇ ಗೋಪುರದ ಮೂವತ್ತು ಬಿಲ್ಲುಗಳು

ಆರನೇ ತಿಂಗಳು, ಎರಡನೇ ದಿನ

ನಲವತ್ತೊಂದು ದಿನ ಎತ್ತಿನ ಗಾಡಿಯಲ್ಲಿ ಕುಲುಕಿ ಕುಲುಕಿ ಇವತ್ತು ಮಧ್ಯಾಹ್ನ ಗಡಿಯ ಮೂರನೇ ಗೋಪುರ ಮುಟ್ಟಿದೆ. ಸೊಂಟ ಬಿದ್ದುಹೋಗಿದೆ. ಎಷ್ಟು ಬಾಯಿ ಮುಕ್ಕಳಿಸಿದರೂ ಮರಳು ಬರುತ್ತದೆ. ಜೊಂಡು ಮತ್ತು ಮಣ್ಣನ್ನು ಪದರ ಪದರವಾಗಿ ಬಡಿದು ಎಬ್ಬಿಸಿದ ನಾಲ್ಕು ಗೋಡೆ, ಒಳಗೆ ಮೂವತ್ತೈದು ಜನ, ಹನ್ನೊಂದು ಕುರಿ, ಮೇಲೆ ಸುದ್ದಿ ಮುಟ್ಟಿಸಲು ಒಂದು ಹೊಗೆಗೂಡು. ಇದನ್ನು ಇವರು ಕೋಟೆ ಎನ್ನುತ್ತಾರೆ.

ಇಲ್ಲಿನ ಗುಮಾಸ್ತ ಬರೆದು, ಕೆರೆದು ಬಿಸಾಡಿದ ಮರದ ಪಟ್ಟಿಗಳು ಮೂಲೆಯಲ್ಲಿ ರಾಶಿ ಬಿದ್ದಿವೆ. ಯಾರೂ ಓದದ ಅವುಗಳ ಮೇಲಾದರೂ ನಿಜ ಬರೆದಿಡುತ್ತೇನೆ. ನಾನು ಬಿಯಾನ್ ಶೌ. ಅರಸನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಡ್ಡಬಿಲ್ಲಿನ ಹೆದೆ ಹಿಡಿದು ಬಿಡುವ ಕಂಚಿನ ಕೀಲು ಎರಕ ಹೊಯ್ದವನು, ಹನ್ನೆರಡು ವರ್ಷದಿಂದ ಅಲ್ಲಿನ ಯಜಮಾನ. ನನ್ನ ಕೈಯ ಪ್ರತಿ ಕೀಲಿನ ಮೇಲೂ ನನ್ನ ಹೆಸರಿದೆ. ಆಯುಧ ಕೈಕೊಟ್ಟರೆ ಯಾರ ಬೆನ್ನಿಗೆ ಕೋಲು ಬೀಳಬೇಕೆಂದು ತಿಳಿಯಲಿ ಎಂದೇ ಕಾನೂನು ಹೆಸರು ಕೆತ್ತಿಸುತ್ತದೆ. ಬೇರೆಯವರು ಹೆದರಿಕೊಂಡು ಕೆತ್ತುತ್ತಾರೆ. ನಾನು ಮೀಸೆ ತಿರುವಿ ಕೆತ್ತಿದವನು.

ಅಂಥವನ ಮೇಲೆ ದೂರು! ಬಿಯಾನ್ ಶೌ ಹೆಸರಿನ ಮೂವತ್ತು ಬಿಲ್ಲುಗಳಲ್ಲಿ ಒಂದೂ ಬಾಣ ಹಾರಿಸುತ್ತಿಲ್ಲವಂತೆ. ಗೋಪುರದ ನಾಯಕ ಗೆಂಗ್ ಕುವಾನ್ ಅಂಗಳದಲ್ಲಿ, ಎಲ್ಲರೆದುರು, ಆದೇಶ ಓದಿದ. ಒಂಬತ್ತನೇ ತಿಂಗಳ ಮೊದಲ ದಿನದೊಳಗೆ ಮೂವತ್ತೂ ಸರಿಯಾದರೆ ನಾನು ಊರಿಗೆ ಮರಳಿ ಯಜಮಾನಿಕೆ ವಹಿಸಿಕೊಳ್ಳಬಹುದು. ಆಗದಿದ್ದರೆ ಕಾರ್ಖಾನೆಯ ಪಟ್ಟಿಯಿಂದ ನನ್ನ ಹೆಸರು ಕೆರೆದು, ಇಲ್ಲಿಯೇ ಗೋಡೆಗೆ ಮಣ್ಣು ಬಡಿಯುವ ಆಳಾಗಿ ಇರಿಸಿಕೊಳ್ಳುತ್ತಾರೆ.

"ನಿಮ್ಮ ಹೆಸರಿನ ಕತೆ ನಂಗೊತ್ತಿಲ್ಲ ಯಜಮಾನ್ರೇ," ಎಂದ ಗೆಂಗ್. "ಚಳಿ ಶುರುವಾಗೋ ಹೊತ್ತಿಗೆ ಆಚೆ ಕಡೆ ಕುದುರೆಗಳು ಮೇದು ಕೊಬ್ಬಿರ್ತವೆ. ಕುದುರೆ ಕೊಬ್ಬಿದ್ರೆ ಶಿಯೊಂಗ್ನು ಸವಾರರು ಬಂದೇ ಬರ್ತಾರೆ. ನಮ್ಮ ಹತ್ರ ಹಾರೋ ಬಿಲ್ಲು ಇರೋದು ನಾಲ್ಕು. ಅಷ್ಟು ಗೊತ್ತು."

ತಪ್ಪು ನನ್ನದಲ್ಲ. ಈ ಒರಟರು ಏನೋ ಹಾಳುಮಾಡಿದ್ದಾರೆ. ನಾಳೆ ಹಿಡಿಯುತ್ತೇನೆ.

ಆರನೇ ತಿಂಗಳು, ಮೂರನೇ ದಿನ

ಹಿಡಿದೆ. ಯಿಂಗ್ ಎಂಬ ಹೆಂಗಸು. ಪಾಂಗ್ ಎಂಬ ಸೈನಿಕನ ಹೆಂಡತಿ. ಗಂಡಸರು ಕಾವಲು ತಿರುಗುವಾಗ ಇಲ್ಲಿನ ಆಯುಧಗಳನ್ನು ತೊಳೆದು ಒರೆಸಿ ಇಡುವುದು ಅವಳ ಕೆಲಸ. ಕೀಲುಗಳೆಲ್ಲಿ ಎಂದು ಕೇಳಿದರೆ ಒಂದು ದೊಡ್ಡ ಮಣ್ಣಿನ ಬಾನಿ ತಂದು ನನ್ನ ಮುಂದೆ ಕುಕ್ಕಿದಳು. ಒಳಗೆ ನನ್ನ ಮೂವತ್ತು ಕೀಲುಗಳ ಎಲ್ಲ ತುಂಡುಗಳೂ ಒಂದಾಗಿ ಬಿದ್ದಿದ್ದವು.

"ಏನಮ್ಮಾ ಇದು?"

"ಕೀಲು ಕಣ್ ಮಾವ. ಮರಳು ಗಾಳಿ ಬೀಸ್ತು. ಎಲ್ಲಾದ್ರೊಳಗೂ ಮರಳು. ಬಿಚ್ಚಿದೆ, ಬಿಸಿನೀರಲ್ಲಿ ತೊಳೆದೆ, ಎಣ್ಣೆ ಹಚ್ಚಿದೆ. ಹದಿನಾಲ್ಕು ವರ್ಷದಿಂದ ಹಳೇವನ್ನ ಹಿಂಗೇ ತೊಳೀತಿದ್ದೀನಿ, ನಿಮ್ಮವು ಬಂದಿದ್ದು ಈ ವರ್ಷ."

"ಎಲ್ಲಾನೂ ಒಂದೇ ಬಾನೀಲಾ?"

"ಮತ್ತೆ? ಮೂವತ್ತು ಬಿಲ್ಲಿಗೆ ಮೂವತ್ತು ಬಾನಿ ಇಟ್ಕೊಳ್ಳೋಕೆ ನಾನೇನು ರಾಣೀನಾ?"

ತಾಳ್ಮೆಯಿಂದ ವಿವರಿಸಿದೆ. ಕೀಲೆಂದರೆ ಒಂದು ಕಂಚಿನ ಗೂಡು, ಒಳಗೆ ಮೂರು ತುಂಡು: ಹೆದೆಯನ್ನು ಹಿಡಿದು ನಿಲ್ಲುವ ಹಲ್ಲು, ಬೆರಳಿನಿಂದ ಎಳೆಯುವ ಕತ್ತಿ, ಇವೆರಡರ ನಡುವಿನ ಕೊಕ್ಕೆ. ಎರಡು ಗೂಟಗಳು ಇವನ್ನು ಕೂಡಿಸುತ್ತವೆ. ಬೇರೆ ಕೀಲುಗಾರರು ಅಚ್ಚಿನಿಂದ ಬಂದದ್ದನ್ನು ಒಂದಿಷ್ಟು ಉಜ್ಜಿ ಕೈತೊಳೆದುಕೊಳ್ಳುತ್ತಾರೆ. ನಾನು ಹಾಗಲ್ಲ. ಒಂದೊಂದು ಹಲ್ಲನ್ನೂ ಅದರದೇ ಕೊಕ್ಕೆಗೆ ಮಸಿ ಹಚ್ಚಿ, ಉಜ್ಜಿ, ಮತ್ತೆ ಮಸಿ ಹಚ್ಚಿ, ನಡುವೆ ಕೂದಲೆಳೆ ತೂರದಂತೆ ಕೂರಿಸುತ್ತೇನೆ. ಒಂದರ ಹಲ್ಲು ಇನ್ನೊಂದಕ್ಕೆ ಕೂರುವುದಿಲ್ಲ. ಅದು ಕುಂದಲ್ಲ, ಅದೇ ನನ್ನ ಹೆಚ್ಚುಗಾರಿಕೆ.

ಯಿಂಗ್ ಎಲ್ಲವನ್ನೂ ಕೇಳಿ, "ಹಂಗಾದ್ರೆ ಯಾವ್ದು ಯಾವ್ದರ ಜೋಡಿ ಅಂತ ಗುರುತು ಹಾಕ್ಬೇಕಿತ್ತು. ಎಲ್ಲಾ ಕತ್ತಿ ಮೇಲೂ ನಿಮ್ಮ ಹೆಸರೇ ಇದೆಯಲ್ಲ," ಎಂದಳು.

ಹೆತ್ತವನಿಗೆ ಮಕ್ಕಳ ಗುರುತು ಸಿಗುವುದಿಲ್ಲವೇ! ಮುಟ್ಟಿದರೆ ಸಾಕು, ಹೇಳುತ್ತೇನೆ. ಹತ್ತು ದಿನ ಸಾಕು ಎಂದೆ.

ಆರನೇ ತಿಂಗಳು, ಒಂಬತ್ತನೇ ದಿನ

ನಾಲ್ಕು ಜೋಡಿ ಸಿಕ್ಕಿದವು. ಇಲ್ಲಿನ ಬೆಳಕು ಸರಿಯಿಲ್ಲ.

ಆರನೇ ತಿಂಗಳು, ಹದಿನೇಳನೇ ದಿನ

ಒಂಬತ್ತು. ಹತ್ತು ದಿನ ಎಂದದ್ದನ್ನು ಇವರು ಮರೆತಿಲ್ಲ. ಪಾಂಗ್ ಇಲ್ಲಿನ ಗುರಿಕಾರ, ಗೋಪುರದಲ್ಲಿ ಅವನ ಕೈ ಮೀರಿದವರಿಲ್ಲವಂತೆ. ಅವನ ನಾಲಿಗೆಯೂ ಗುರಿ ತಪ್ಪುವುದಿಲ್ಲ. ನನ್ನ ಬಾಗಿಲ ಮುಂದೆ ಹಾದಾಗಲೆಲ್ಲ, "ಕಂಚಿನಯ್ಯಾ, ಮಕ್ಕಳು ಮಾತಾಡಿದ್ವಾ?" ಎನ್ನುತ್ತಾನೆ. ಸುತ್ತಲಿನವರು ಕಿಸಿಯುತ್ತಾರೆ.

ನವಣೆಯ ಗಂಜಿ, ಉಪ್ಪು ಹಾಕಿ ಹುಳಿ ಬರಿಸಿದ ಕಾಳು. ಬೆಳಿಗ್ಗೆ ಅದೇ, ಸಂಜೆ ಅದೇ. ಕಾರ್ಖಾನೆಯಲ್ಲಿ ಈ ತಿಂಗಳು ಹೊಸ ಗೋಧಿಯ ರೊಟ್ಟಿ ಕೊಡುತ್ತಾರೆ.

ಆರನೇ ತಿಂಗಳು, ಇಪ್ಪತ್ತಮೂರನೇ ದಿನ

ಹದಿಮೂರು ಬಿಲ್ಲು ಸಿದ್ಧವೆಂದು ನಾಯಕನನ್ನು ಕರೆದು ಪರೀಕ್ಷೆಗೆ ಇಟ್ಟೆ. ಹನ್ನೆರಡು ನಾನು ಹೇಳಿದಂತೆ ಹಾರಿಸಿದವು. ಹದಿಮೂರನೆಯದನ್ನು ಪಾಂಗ್ ಎತ್ತಿಕೊಂಡ. ಕಾಲಿನಿಂದ ಬಿಲ್ಲು ಒತ್ತಿ, ಎರಡು ಕೈಯಲ್ಲಿ ಹೆದೆ ಎಳೆದು ಹಲ್ಲಿಗೆ ಸಿಕ್ಕಿಸಿದ. ಬಾಣ ಇಡಲು ಕೈ ಮುಂದೆ ಮಾಡಿದ್ದಷ್ಟೇ, ಹಲ್ಲು ತಾನೇ ಜಾರಿತು. ಹೆದೆ ಬಡಿದ ರಭಸಕ್ಕೆ ಅವನ ಬಲ ಹೆಬ್ಬೆರಳು ಮುರಿಯಿತು.

ಅವು ಜೋಡಿಯಲ್ಲ. ಜೋಡಿಯಂತೆ ಕಂಡವು, ಅಷ್ಟೇ. ನಾನು ಮುಟ್ಟಿ ನೋಡಿ, ಇವೇ ಎಂದು ಹೇಳಿದ್ದೆ.

ಪಾಂಗ್ ಬೈಯಲಿಲ್ಲ. ಬೆವರುತ್ತ ಗೋಡೆಗೊರಗಿ ಕೂತ. ಯಿಂಗ್ ಅವನ ಬೆರಳಿಗೆ ಕಡ್ಡಿ ಕಟ್ಟಿದಳು. ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಗೂಡಿನೊಳಗೆ ಮರಳು ಸೇರಿರಬೇಕು ಎಂದು ನಾಯಕನಿಗೆ ಹೇಳಿದೆ. ಅವನು ತಲೆಯಾಡಿಸಿ ಹೋದ.

ಗಂಜಿ ಸೇರಲಿಲ್ಲ. ಮರಳೇನೂ ಇರಲಿಲ್ಲ, ನಾನೇ ಬಿಚ್ಚಿ ನೋಡಿದ್ದೇನೆ.

ಏಳನೇ ತಿಂಗಳು, ಎರಡನೇ ದಿನ

ಇವತ್ತು ಯಿಂಗ್ ನನ್ನ ಮರ್ಯಾದೆ ತೆಗೆದಳು.

ಕೆಲಸಕ್ಕೆ ಕೂತಿದ್ದೆ. ಮೊದಲಿನಿಂದಲೂ ಗೋಪುರದಲ್ಲಿರುವ ಆ ನಾಲ್ಕು ಹಳೆಯ ಬಿಲ್ಲುಗಳನ್ನು ಹೊತ್ತು ತಂದಳು. ನಲವತ್ತು ವರ್ಷದ ಹಿಂದೆ ಯಾವುದೋ ಕಾರ್ಖಾನೆಯ ಯಾರೋ ಮಾಡಿದವು. ಮಾಡಿದವನ ಹೆಸರು ಸವೆದುಹೋಗಿದೆ. ನನ್ನೆದುರೇ ನಾಲ್ಕರ ಕೀಲುಗಳನ್ನೂ ಬಿಚ್ಚಿ, ತುಂಡುಗಳನ್ನು ಮಡಿಲಿಗೆ ಸುರಿದು ಕಲಸಿ, ತಲೆಬಟ್ಟೆಯಿಂದ ಕಣ್ಣು ಕಟ್ಟಿಕೊಂಡಳು. ಕೈಗೆ ಸಿಕ್ಕಿದ ಹಲ್ಲು, ಕೈಗೆ ಸಿಕ್ಕಿದ ಕೊಕ್ಕೆ, ಕೈಗೆ ಸಿಕ್ಕಿದ ಕತ್ತಿ. ಗೂಡಿಗೆ ಹಾಕಿ ಗೂಟ ಬಡಿದಳು. ನಾಲ್ಕೂ ಕೂತವು.

ತೆಗೆದು ನೋಡಿದೆ. ಥೂ, ಎಂಥ ಒಡ್ಡು ಕೆಲಸ! ಹಲ್ಲಿಗೂ ಕೊಕ್ಕೆಗೂ ನಡುವೆ ಹುಲ್ಲುಕಡ್ಡಿ ತೂರುವಷ್ಟು ಸಂದು. ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ. ನನ್ನ ಕೈಕೆಳಗಿನವರು ಇಂಥದ್ದು ತಂದಿದ್ದರೆ ಕುಲುಮೆಗೆ ಎಸೆಯುತ್ತಿದ್ದೆ. ಹಾಗೆಂದು ಹೇಳಿದೆ.

"ಹೌದು ಮಾವ, ಗಲಗಲ ಅನ್ನುತ್ತೆ," ಎಂದಳು. "ಬನ್ನಿ, ಹಾರ್ಸಿ ನೋಡಾಣ."

ನೂರಿಪ್ಪತ್ತು ಹೆಜ್ಜೆಗೆ ಜೊಂಡಿನ ಕಟ್ಟು ನಿಲ್ಲಿಸಿದರು. ನಾಯಕ ಗೆಂಗ್ ನನ್ನ ಬಿಲ್ಲಿನಿಂದ ಐದು, ಆ ಗಲಗಲದಿಂದ ಐದು ಹೊಡೆದ. ಹತ್ತೂ ಬಾಣ ಕಟ್ಟಿನಲ್ಲೇ ಇದ್ದವು. ನನ್ನವು ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಹತ್ತಿರ, ಅವು ಎರಡು ಅಂಗೈಯಷ್ಟು. ಅದನ್ನು ಎಲ್ಲರಿಗೂ ತೋರಿಸಿದೆ.

"ಕುದುರೆ ಎದೆ ಎರಡು ಅಂಗೈಗಿಂತ ಅಗಲ ಇರುತ್ತೆ ಕಂಚಿನಯ್ಯಾ," ಎಂದ ಪಾಂಗ್, ಕಟ್ಟಿದ ಹೆಬ್ಬೆರಳನ್ನು ಎತ್ತಿ ಹಿಡಿದುಕೊಂಡು.

ಆಗ ಯಿಂಗ್ ಆ ಮಾತು ಆಡಿದಳು. "ಮಾವ, ನಿಮ್ಮವು ಬಿಗಿ. ಬಿಗಿ ಇರೋದನ್ನ ಉಜ್ಜಿ ಸಡಿಲ ಮಾಡ್ಬೋದು. ಎಲ್ಲಾ ಹಲ್ಲನ್ನೂ ಈ ಹಳೇ ಹಲ್ಲಿನ ಅಳತೆಗೆ ತಂದ್ರೆ ಯಾವ್ದನ್ನ ಯಾವ್ದಕ್ಕೆ ಬೇಕಾದ್ರೂ ಹಾಕ್ಬೋದಲ್ವಾ?"

ನಾನು ಕೂಗಾಡಿದೆ. ಮೂವತ್ತೊಂದು ವರ್ಷದ ಕೈಗೆ ಬಾನಿ ತೊಳೆಯುವವಳು ಬುದ್ಧಿ ಹೇಳಬೇಕೇ ಎಂದೆ. ನನ್ನ ಕೆಲಸವನ್ನು ಕೆಡಿಸಿ ಯಾವನೋ ಹೆಸರಿಲ್ಲದವನ ಕೆಲಸಕ್ಕೆ ಸಮ ಮಾಡಬೇಕೇ ಎಂದೆ. ಇನ್ನೂ ಏನೇನೋ ಅಂದೆ. ಅಂಗಳದಲ್ಲಿ ಕುರಿಗಳೂ ಸುಮ್ಮನಾದವು.

ಅವಳು ಅಳಲಿಲ್ಲ. "ಬಾನಿ ತೊಳೆಯೋಳೇ ಮಾವ. ಆ ಸವಾರ್ರು ಬಂದ ದಿನ ಗೋಡೆ ಮೇಲೆ ನಿಲ್ಲೋಳೂ ನಾನೇ," ಎಂದು ಬಿಲ್ಲುಗಳನ್ನು ಎತ್ತಿಕೊಂಡು ಹೋದಳು.

ಏಳನೇ ತಿಂಗಳು, ಮೂರನೇ ದಿನ

ಬರೆಯುವಂಥದ್ದೇನೂ ಇಲ್ಲ. ಗಾಳಿ.

ಏಳನೇ ತಿಂಗಳು, ಏಳನೇ ದಿನ

ಗೋಡೆಯಾಚೆ ದಿನಾ ಸಂಜೆ ಮರಳನ್ನು ಹಲುಬೆಯಿಂದ ಎಳೆದು ನುಣುಪು ಮಾಡಿಡುತ್ತಾರೆ. ಯಾರೇ ದಾಟಿದರೂ ಬೆಳಗ್ಗೆ ಹೆಜ್ಜೆ ಕಾಣುತ್ತದೆ. ಇವತ್ತು ಹನ್ನೊಂದು ಕುದುರೆಗಳ ಗೊರಸು ಕಂಡಿತು. ಬಂದು, ನಿಂತು, ನೋಡಿ ಹೋಗಿದ್ದಾರೆ. ಎರಡು ಕಡೆಯ ಗೋಪುರಗಳಿಗೂ ಹೊಗೆ ಎಬ್ಬಿಸಿ ತಿಳಿಸಿದರು.

ನಾಯಕ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಇನ್ನೊಂದು ತಿಂಗಳು ಅಂದ್ಕೊಳ್ಳಿ. ಅಷ್ಟರೊಳಗೆ ಎಷ್ಟು ಕೊಡ್ತೀರಿ, ನಿಜ ಹೇಳಿ."

ಹದಿನೈದು ಎಂದು ಹೇಳಬೇಕೆಂದಿದ್ದೆ. "ಹನ್ನೆರಡು," ಎಂದೆ. ಉಳಿದವು ಹೊಂದುವುದಿಲ್ಲ ಎಂದು ನನಗೆ ಕಳೆದ ತಿಂಗಳೇ ಗೊತ್ತಿತ್ತು.

ಅವನು ಗೋಡೆಯ ಉದ್ದವನ್ನೊಮ್ಮೆ ಕಣ್ಣಲ್ಲೇ ಅಳೆದು ಎದ್ದು ಹೋದ.

ಸಂಜೆಯೊಳಗೆ ಒಂದು ಹಲ್ಲಿಗೆ ಅರ ಹಾಕಿ ಉಜ್ಜಿದೆ. ಕಾರ್ಖಾನೆಯಲ್ಲಿ ಆ ಹಲ್ಲನ್ನು ಕೂರಿಸಲು ನನಗೆ ಒಂದಿಡೀ ದಿನ ಹಿಡಿದಿತ್ತು. ಹಳೆಯ ಹಲ್ಲಿನ ಸಮಕ್ಕೆ ಇಳಿಸಲು ನಾಲ್ಕು ಉಜ್ಜು ಸಾಕಾಯಿತು. ಹಳೆಯ ಗೂಡಿನಲ್ಲಿ ಇಟ್ಟು ಗೂಟ ಹಾಕಿದೆ. ಕೂತಿತು. ಗಲಗಲ ಎಂದಿತು.

ಗೂಟದ ತೂತುಗಳು ಮಾತ್ರ ಎಲ್ಲದರಲ್ಲೂ ಒಂದೇ ಜಾಗದಲ್ಲಿವೆ. ಅವು ಕಾರ್ಖಾನೆಯ ಅಚ್ಚಿನಲ್ಲೇ ಬರುವಂಥವು, ಅದರಲ್ಲಿ ನನ್ನ ಕೈಚಳಕವೇನೂ ಇಲ್ಲ. ಪುಣ್ಯಕ್ಕೆ.

ಏಳನೇ ತಿಂಗಳು, ಎಂಟನೇ ದಿನ

ಕಣ್ಣಳತೆ ನಂಬಿ ಒಬ್ಬನ ಹೆಬ್ಬೆರಳು ಮುರಿದದ್ದು ಸಾಕು. ಅಳತೆಗೆ ಒಂದು ಬಿಲ್ಲೆ ಬೇಕು. ಹಲ್ಲು, ಕೊಕ್ಕೆ, ಕತ್ತಿ ಮೂರರ ಆಕಾರವನ್ನೂ ಅದರಲ್ಲಿ ಕೊರೆದುಬಿಟ್ಟರೆ, ತುಂಡು ಆ ಕಂಡಿಯಲ್ಲಿ ಹಾದರೆ ಸರಿ, ಸಿಕ್ಕಿಕೊಂಡರೆ ಇನ್ನೂ ಉಜ್ಜಬೇಕು, ಸಡಿಲವಾಗಿ ಬಿದ್ದರೆ ಕೆಟ್ಟಿತು. ಇಲ್ಲಿ ತಕ್ಕ ಗಾತ್ರದ ಕಂಚಿನ ತಗಡು ಸಿಗಲಿಲ್ಲ. ನನ್ನ ಸೊಂಟಪಟ್ಟಿಯ ಬಿಲ್ಲೆ ತಕ್ಕಷ್ಟು ದಪ್ಪ ಇತ್ತು. ಯಜಮಾನನಾದಾಗ ಕೊಟ್ಟದ್ದು. ಅದನ್ನೇ ಕೊರೆದೆ. ಸೊಂಟಕ್ಕೆ ಈಗ ಹಗ್ಗ ಬಿಗಿದುಕೊಂಡಿದ್ದೇನೆ, ನಡೆಯುತ್ತದೆ.

ಯಿಂಗ್ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದಿದ್ರೆ ನಿಮ್ಮ ಕೈಯೇ ಬೇಕಾಗಿಲ್ಲ, ನಾನೂ ಉಜ್ಬೋದು," ಎಂದಳು. ಮೊನ್ನೆಯ ಮಾತು ಅವಳು ಎತ್ತಲಿಲ್ಲ. ನಾನು ಎತ್ತಬೇಕಿತ್ತು. ಅದರ ಬದಲು ನನ್ನ ಒಳ್ಳೆಯ ಅರವನ್ನು ಅವಳಿಗೆ ಕೊಟ್ಟೆ.

ಏಳನೇ ತಿಂಗಳು, ಹದಿನಾಲ್ಕನೇ ದಿನ

ಈಗ ಎಂಟು ಜನ ಉಜ್ಜುತ್ತೇವೆ. ಯಿಂಗ್, ಇನ್ನಿಬ್ಬರು ಹೆಂಗಸರು, ಕಾವಲಿಲ್ಲದ ಮೂವರು ಸೈನಿಕರು, ಪಾಂಗ್, ನಾನು. ಪಾಂಗ್ ಎಡಗೈಯಲ್ಲಿ ಉಜ್ಜುತ್ತಾನೆ, ಬಾಯಿ ಮಾತ್ರ ಬಲಗೈಯಷ್ಟೇ ಚುರುಕು. ಅಂಗಳದ ತುಂಬ ಕರಕರ ಸದ್ದು.

"ಯಜಮಾನ್ರೇ, ಕಾರ್ಖಾನೇಲಿ ಎಷ್ಟು ವರ್ಷಕ್ಕೆ ಅರ ಕೈಗೆ ಕೊಡ್ತಾರೆ?" ಎಂದು ಯಾರೋ ಕೇಳಿದರು.

"ಮೂರು ವರ್ಷ ಬೂದಿ ಎತ್ತಿದ ಮೇಲೆ."

"ಅಯ್ಯೋ, ನಾವು ಬರೀ ಮೂರು ದಿನ ಎತ್ತಿದ್ದೀವಿ!" ಎಂದ ಪಾಂಗ್. "ಯಿಂಗ್, ಅರ ಕೆಳಗಿಡೇ, ಇನ್ನೂ ಎರಡು ವರ್ಷ ಚಿಲ್ಲರೆ ಬಾಕಿ ಇದೆ."

ಯಿಂಗ್‌ಳ ಕೈ ಒಳ್ಳೆಯದು. ಹಿಂದಕ್ಕೆ ಎಳೆಯುವಾಗ ಅರವನ್ನು ಎತ್ತುತ್ತಾಳೆ, ಯಾರೂ ಹೇಳಿಕೊಡದೆ. ಕಾರ್ಖಾನೆಯ ನನ್ನ ಆರು ಜನರಲ್ಲಿ ಇಬ್ಬರಿಗೆ ಇನ್ನೂ ಅದು ಬಂದಿಲ್ಲ.

ಕತ್ತಿಗಳ ಎಡಬದಿಯನ್ನೇ ಇಳಿಸಬೇಕಾಗುತ್ತದೆ. ಹೆಸರು ಕೆತ್ತಿದ್ದೂ ಆ ಬದಿಗೇ. ಬೇರೆ ದಾರಿಯಿಲ್ಲ.

ಏಳನೇ ತಿಂಗಳು, ಇಪ್ಪತ್ತನಾಲ್ಕನೇ ದಿನ

ಇಪ್ಪತ್ತಮೂರು ಬಿಲ್ಲು ಸಿದ್ಧ. ಹಲ್ಲು ಮೂರು ಕೆಟ್ಟವು, ಹೆಚ್ಚು ಉಜ್ಜಿ ಕಂಡಿಯಲ್ಲಿ ಪುಳಕ್ಕನೆ ಬಿದ್ದವು. ಎರಡನ್ನು ಸೈನಿಕರು ಕೆಡಿಸಿದರು. ಮೂರನೆಯದನ್ನು ಕೆಡಿಸಿದವನು ಯಾರೆಂದು ಯಿಂಗ್ ಇಡೀ ಅಂಗಳಕ್ಕೆ ಕೂಗಿ ಹೇಳಿದಳು. ಪಾಂಗ್ ನನಗೆ ಬೂದಿ ಎತ್ತುವ ಮೊರ ತಂದುಕೊಟ್ಟ. ನಗು ತಡೆಯಲಾಗಲಿಲ್ಲ, ನನಗೂ.

ಕೆಟ್ಟ ಮೂರನ್ನು ಕರಗಿಸಿ, ಬಿಲ್ಲೆಯ ಅಳತೆಗೇ ಜೇಡಿಮಣ್ಣಿನ ಅಚ್ಚು ಮಾಡಿ ಹೊಸದಾಗಿ ಹೊಯ್ದೆವು. ಕುರಿಗೊಬ್ಬರದ ಬೆಂಕಿಗೆ ಕಂಚು ಕರಗದು ಎಂದುಕೊಂಡಿದ್ದೆ. ಪೊದೆಯ ಬೇರು ಸೇರಿಸಿ ಊದಿದರೆ ಕರಗುತ್ತದೆ ಎಂದು ಯಿಂಗ್ ಹೇಳಿದಳು. ಕರಗಿತು. ಆ ಹುಳಿಕಾಳಿಗೆ ಕಾಡುಬೆಳ್ಳುಳ್ಳಿ ಸೊಪ್ಪು ಹಾಕಿದರೆ ಚೆನ್ನಾಗಿರುತ್ತದೆ.

ಎಂಟನೇ ತಿಂಗಳು, ಮೂರನೇ ದಿನ

ಮೂವತ್ತು.

ಎಂಟನೇ ತಿಂಗಳು, ಹದಿಮೂರನೇ ದಿನ

ಅವರು ಬಂದರು, ಮೊನ್ನೆ ಬೆಳಗ್ಗೆ, ಗಂಜಿ ಇಳಿಸುವ ಹೊತ್ತಿಗೆ. ಪಡುವಣದ ದಿಬ್ಬದ ಮೇಲೆ ಧೂಳೆದ್ದಿತು. ನಾಯಕ ನೂರೈವತ್ತು ಕುದುರೆ ಎಂದ. ನಮ್ಮ ಹೊಗೆ ಏರಿತು, ನಾಲ್ಕನೇ ಗೋಪುರದ ಹೊಗೆಯೂ ಏರಿತು. ಆದರೆ ಅಲ್ಲಿಂದ ನೆರವು ಬರಲು ಅರ್ಧ ದಿನ ಬೇಕು.

ಮೂವತ್ತು ಬಿಲ್ಲನ್ನು ಮೂರು ಸಾಲು ಮಾಡಿದರು. ಮುಂದಿನ ಹತ್ತು ಜನ ಹೊಡೆಯುವುದು, ನಡುವಿನ ಹತ್ತು ಜನ ಬಾಣ ಹೂಡಿ ನಿಲ್ಲುವುದು, ಹಿಂದಿನ ಹತ್ತು ಜನ ಹೆದೆ ಏರಿಸುವುದು, ಹೀಗೆ ಚಕ್ರ ತಿರುಗಿದಂತೆ. ಒಬ್ಬ ಜ್ವರದಲ್ಲಿ ಮಲಗಿದ್ದ. ಹಿಂದಿನ ಸಾಲಿನ ಕೊನೆಯ ಜಾಗ ನನಗೆ ಬಂತು. ಎರಡು ಸಾವಿರ ಕೀಲು ಮಾಡಿದವನು ನಾನು. ಜೀವವಿರುವ ಯಾವುದರ ಮೇಲೂ ಒಂದು ಬಾಣ ಬಿಟ್ಟಿರಲಿಲ್ಲ.

ನೂರೈವತ್ತು ಹೆಜ್ಜೆಯ ತನಕ ನಾಯಕ ಬಿಡಗೊಡಲಿಲ್ಲ. ನೆಲ ನಡುಗುವುದು ಪಾದಕ್ಕೆ ತಿಳಿಯುತ್ತಿತ್ತು. "ಬಿಡಿ!" ಎಂದ. ಹತ್ತೂ ಒಂದೇ ಸದ್ದಾಗಿ ಬಿಟ್ಟವು. ಮತ್ತೆ ಹತ್ತು. ಮತ್ತೆ ಹತ್ತು, ಅದರಲ್ಲಿ ನನ್ನದೂ ಒಂದು. ಮುಂದಿನ ಕುದುರೆಗಳು ಮಗುಚಿ ಹಿಂದಿನವು ಅವುಗಳ ಮೇಲೆ ಬಿದ್ದವು. ಅವರ ಕೈಬಿಲ್ಲಿನ ಬಾಣಗಳು ಗೋಡೆಯ ಬುಡಕ್ಕೇ ಸೋತು ಬಿದ್ದವು. ಅಷ್ಟು ದೂರದಿಂದ ಹೊಡೆಯಬಲ್ಲ ಬಿಲ್ಲು ಭೂಮಿಯ ಮೇಲೆ ನಮ್ಮವರ ಹತ್ತಿರ ಮಾತ್ರ ಇದೆ. ಇದನ್ನು ಇವತ್ತು ಗಟ್ಟಿಯಾಗಿ ಬರೆಯುತ್ತೇನೆ.

ಮೂರನೇ ಸಲ ನುಗ್ಗಿ ಬಂದಾಗ ಅವರು ಬಾಗಿಲ ಹತ್ತಿರ ಅರವತ್ತು ಹೆಜ್ಜೆಯವರೆಗೂ ಬಂದರು. ಬಾಗಿಲ ಮೇಲೆ ಇದ್ದವನು ಪಾಂಗ್. ಹೆಬ್ಬೆರಳು ಕೂಡಿ ಐದೇ ದಿನವಾಗಿತ್ತು, ನಿಲ್ಲುತ್ತೇನೆಂದು ಹಟ ಹಿಡಿದಿದ್ದ. ಅವನ ಬಿಲ್ಲಿನ ಕತ್ತಿ ಬುಡದಲ್ಲಿ ಟಕ್ಕೆಂದು ಮುರಿಯಿತು. ಹೆದೆ ಏರಿದೆ, ಬಾಣ ಕೂತಿದೆ, ಬಿಡಲಾಗದು. ಕೆಳಗೆ ಅವರ ಮುಂದಾಳು ಬಾಗಿಲಿಗೆ ನುಗ್ಗಲು ತನ್ನವರನ್ನು ಕೂಡಿಸುತ್ತಿದ್ದಾನೆ.

ನಾನು ಓಡಿದೆ. ನನಗಿಂತ ಮುಂಚೆ ಯಿಂಗ್ ಅಲ್ಲಿದ್ದಳು. ಬಾಣ ತೆಗೆದು ಹೆದೆ ಇಳಿಸಿ ಗೂಟ ಕಿತ್ತಳು. ಹಳೆಯ ನಾಲ್ಕು ಬಿಲ್ಲುಗಳ ತುಂಡುಗಳನ್ನು ಬಿಚ್ಚಿ ತುಂಬಿಕೊಂಡಿದ್ದ ಸೊಂಟದ ಚೀಲಕ್ಕೆ ಕೈ ಹಾಕಿದಳು, ಒಳಗೆ ನೋಡಲೂ ಇಲ್ಲ. ಸಿಕ್ಕಿದ ಕತ್ತಿಯನ್ನು ಒಳಗೆ ತಳ್ಳಿ ಗೂಟ ಬಡಿದಳು. ಹತ್ತು ಉಸಿರು ಹಿಡಿಯಲಿಲ್ಲ. ಪಾಂಗ್ ಹೆದೆ ಏರಿಸಿ, ಗುರಿ ಹಿಡಿದು, ಬಿಟ್ಟ. ಮುಂದಾಳು ಕುದುರೆಯಿಂದ ಹಿಂದಕ್ಕೆ ಹಾರಿಬಿದ್ದ. ಉಳಿದವರು ಕಡಿವಾಣ ಎಳೆದರು.

ನನ್ನ ಎದೆ ಉಬ್ಬಿಹೋಯಿತು. ನನ್ನ ಕೆಲಸ ನೋಡಿ ನಾನು ಬೀಗಿದ್ದು ಎಷ್ಟೋ ಸಲ. ಇದು ಹಾಗಿರಲಿಲ್ಲ, ಹೇಗಿತ್ತೆಂದು ಬರೆಯಲು ಬರುತ್ತಿಲ್ಲ. ಮಕ್ಕಳಂತೆ ಕುಣಿದು ಕೂಗಿದೆ. ಅದೇ ಹೊತ್ತಿಗೆ ಎಲ್ಲಿಂದಲೋ ಬಂದ ಬಾಣ ಎಡಗಿವಿಯ ತುದಿ ಹಾರಿಸಿಕೊಂಡು ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಅವರು ಹಿಂದೆ ಸರಿದರು. ನಮ್ಮಲ್ಲಿ ಆರು ಜನಕ್ಕೆ ಗಾಯ, ಸತ್ತವರಿಲ್ಲ. ಮೂವತ್ತೈದು ಜನವನ್ನೂ ನಾಯಕ ಎರಡು ಸಲ ಎಣಿಸಿದ. ಆಮೇಲೆ ನನ್ನನ್ನೂ ಸೇರಿಸಿ ಮೂವತ್ತಾರು ಎಂದ.

"ಕಂಚಿನಯ್ಯಾ, ಕಿವಿಗೂ ಅಳತೆ ಬಿಲ್ಲೆ ಇದೆಯಾ?" ಎಂದು ಪಾಂಗ್ ಕೇಳಿದ.

ಎಂಟನೇ ತಿಂಗಳು, ಇಪ್ಪತ್ತನೇ ದಿನ

ತಪಾಸಣೆಯ ಅಧಿಕಾರಿ ಬಂದ. ತೆಳ್ಳನೆಯ ಮನುಷ್ಯ, ನಗುವುದು ಗೊತ್ತಿಲ್ಲ. ಮೂವತ್ತೂ ಬಿಲ್ಲನ್ನು ಹಾರಿಸಿ ನೋಡಿದ. ಆಮೇಲೆ ಕೀಲುಗಳನ್ನು ತಿರುಗಿಸಿ ನೋಡಿದ.

"ಹೆಸರೆಲ್ಲಿ?"

ಉಜ್ಜಿಹೋಯಿತು ಎಂದೆ.

"ಹೆಸರಿಲ್ಲದ ಆಯುಧ ಅಪರಾಧ, ಗೊತ್ತಿದೆ ತಾನೆ? ಹೋಗಲಿ, ಬಾಯಲ್ಲಿ ಹೇಳಿ, ನಾನು ಬರ್ಕೋತೀನಿ. ಮೂವತ್ತೂ ಬಿಯಾನ್ ಶೌ ಕೆಲಸ, ಮೂವತ್ತೂ ಸರಿಯಿವೆ. ಅಷ್ಟಾದ್ರೆ ಆದೇಶ ಮುಗೀತು. ನಾಳೆ ನನ್ನ ಗಾಡೀಲೇ ಊರಿಗೆ ಬನ್ನಿ."

ನಾಯಕ ನನಗೆ ಕಣ್ಸನ್ನೆ ಮಾಡಿದ, ಹೂಂ ಎನ್ನಿ ಎಂದು. ಯಿಂಗ್ ಕೂಡ, "ಅವ್ರದೇ ಸ್ವಾಮಿ, ಎಲ್ಲಾ ಅವ್ರದೇ," ಎಂದಳು.

ಒಂದು ಕೀಲನ್ನು ಕೈಗೆ ತೆಗೆದುಕೊಂಡೆ. ಗೂಡು ನನ್ನದಿರಬೇಕು. ಹಲ್ಲು ಯಿಂಗ್ ಉಜ್ಜಿದ್ದೋ, ಕುರಿಗೊಬ್ಬರದಲ್ಲಿ ಹೊಯ್ದದ್ದೋ. ಕೊಕ್ಕೆ ಆ ಹಳೆಯವನದು ಇದ್ದರೂ ಇರಬಹುದು, ಯುದ್ಧವಾದ ಮೇಲೆ ಅವನ್ನೂ ಇವುಗಳ ಜೊತೆಗೇ ತೊಳೆದೆವು. ಮುಟ್ಟಿ ನೋಡಿದೆ. ತಿಳಿಯಲಿಲ್ಲ.

"ಇವುಗಳಲ್ಲಿ ನನ್ನದು ಯಾವುದು ಅಂತ ನನಗೇ ಗೊತ್ತಿಲ್ಲ ಸ್ವಾಮಿ," ಎಂದೆ.

"ನಾಳೆ ಒಂದು ಕೈಕೊಟ್ರೆ ಯಾರನ್ನ ಹಿಡೀಲಿ?"

"ಮೂರನೇ ಗೋಪುರ ಅಂತ ಬರ್ಕೊಳ್ಳಿ. ಎಲ್ಲರನ್ನೂ ಹಿಡೀರಿ."

ಅವನು ಐದು ಕೀಲುಗಳನ್ನು ತಾನೇ ಬಿಚ್ಚಿ, ತುಂಡುಗಳನ್ನು ಚಾಪೆಯ ಮೇಲೆ ಕಲಸಿ, ತನ್ನ ನೀಳ ಬೆರಳುಗಳಿಂದ ಕೂಡಿಸಿದ. ಐದೂ ಕೂತವು. ಇನ್ನೊಂದು ಸಲ ಕಲಸಿದ. ಮತ್ತೆ ಕೂತವು. ಅಳತೆಬಿಲ್ಲೆ ಕೇಳಿ ಪಡೆದು ಬೆಳಕಿಗೆ ಹಿಡಿದ.

"ಈ ಗಡೀಲಿ ಇನ್ನೂ ಹತ್ತು ಗೋಪುರಕ್ಕೆ ನಿಮ್ಮ ಕೀಲು ಹೋಗಿವೆ," ಎಂದ. "ಒಂದು ಮರಳು ಗಾಳಿ ಬೀಸಿದ್ರೆ ಅಲ್ಲೂ ಇದೇ ಕತೆ. ಹೆಸರಿಲ್ಲದೆ ನಿಮ್ಮನ್ನ ಯಜಮಾನಿಕೆಗೆ ಕಳಿಸೋಕೆ ನನಗೆ ಅಧಿಕಾರ ಇಲ್ಲ. ಗೋಡೆಗೆ ಮಣ್ಣು ಬಡಿಯೋಕೆ ಇಟ್ಕೊಳ್ಳೋಕೆ ಮನಸ್ಸಿಲ್ಲ. ಆ ಹತ್ತು ಗೋಪುರಾನ ಯಾರು ಸರಿಮಾಡ್ತಾರೆ?"

ಮಾಡುತ್ತೇನೆ ಎಂದೆ. ಅಷ್ಟು ಬೇಗ ಯಾಕೆ ಹೇಳಿದೆನೋ. ಎರಡು ವರ್ಷವಾದರೂ ಹಿಡಿಯುತ್ತದೆ. ಮಧ್ಯಾಹ್ನ ನಾಯಕ ನವಣೆಯ ಮದ್ಯ ಕೊಟ್ಟಿದ್ದ, ಅದರ ಅಮಲಿರಬಹುದು.

ಒಂಬತ್ತನೇ ತಿಂಗಳು, ಮೊದಲ ದಿನ

ನಾಲ್ಕನೇ ಗೋಪುರ. ಬೆಳಗ್ಗೆಯಿಂದ ನಡೆದು ಸಂಜೆ ಇಳಿಯುವ ಮುಂಚೆ ಮುಟ್ಟಿದೆವು. ಯಿಂಗ್ ಮತ್ತು ಪಾಂಗ್ ಹದಿನೈದು ದಿನದ ಮಟ್ಟಿಗೆ ಜೊತೆಗೆ ಬಂದಿದ್ದಾರೆ, ಇಲ್ಲಿನ ಹೆಂಗಸರಿಗೆ ಅರ ಹಿಡಿಯುವುದನ್ನು ಯಿಂಗ್ ಕಲಿಸುತ್ತಾಳೆ. ದಾರಿಯುದ್ದಕ್ಕೂ ಗಂಡ ಹೆಂಡತಿ ಜಗಳ, ನಾನು ಇಬ್ಬರ ಪರವೂ ವಹಿಸಿದೆ.

ಬಾಗಿಲ ಮೇಲಿದ್ದ ಕಾವಲುಗಾರ ನಮ್ಮನ್ನು ಮೇಲಿಂದ ಕೆಳಗೆ ನೋಡಿದ. ಹಗ್ಗದ ಸೊಂಟಪಟ್ಟಿ, ಕಿವಿಗೆ ಬಟ್ಟೆ, ತಲೆಯ ತುಂಬ ಧೂಳು.

"ಯಾರ್ರೀ ನೀವು? ಇವತ್ತು ಅರಸನ ಕಾರ್ಖಾನೆಯ ದೊಡ್ಡ ಯಜಮಾನ್ರು ಬರ್ತಾರೆ ಅಂತ ಕಾಯ್ತಾ ಇದ್ದೀವಿ. ಬಿಯಾನ್ ಶೌ ಅಂತ. ದಾರೀಲಿ ಅವ್ರೇನಾದ್ರೂ ಸಿಕ್ಕಿದ್ರಾ?"

ವಿವರಿಸಲು ಹೊರಟರೆ ಇನ್ನೂ ಒಂದು ಹೊತ್ತು ಹೊರಗೇ ನಿಲ್ಲಬೇಕು, ಒಳಗಿನಿಂದ ಗಂಜಿಯ ವಾಸನೆ ಬರುತ್ತಿತ್ತು.

"ಅವ್ರು ಬರಲ್ಲ ಕಣಪ್ಪಾ," ಎಂದೆ. "ನಾವು ಮೂರನೇ ಗೋಪುರದವರು. ಬಾಗಿಲು ತೆಗಿ, ನಿಮ್ಮ ಬಿಲ್ಲುಗಳನ್ನೆಲ್ಲ ಅಂಗಳಕ್ಕೆ ತನ್ನಿ."

ಯಿಂಗ್ ನನ್ನ ಕಡೆ ತಿರುಗಿ ನೋಡಿದಳು. ಬಾಗಿಲು ತೆಗೆದರು. ಇಲ್ಲಿನ ಬಿಲ್ಲುಗಳು ಇಪ್ಪತ್ತಾರು, ಒಂಬತ್ತು ಹಾರುವುದಿಲ್ಲ. ನಾಳೆ ಬೆಳಗ್ಗೆ ಶುರುಮಾಡುತ್ತೇವೆ.